ಮೂರು ವರ್ಷ ಬಳಸಿದ ಕಾರ್ ಅಲಾರಂ: ಲಾಕ್ ಚೆನ್ನಾಗಿದೆ, ಸೈರನ್ ಜೊತೆ ಹುಷಾರು

ನಮ್ಮ ಹಳೆಯ ಕಾರಿಗೆ ರಿಮೋಟ್ ಲಾಕ್ ಬಂದಿರಲಿಲ್ಲ. ಮೂರು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಸೆಂಟ್ರಲ್ ಲಾಕ್, ಸೈರನ್ ಎರಡನ್ನೂ ಹಾಕಿಸಿದೆ. ಲಾಕ್ ಬಗ್ಗೆ ದೂರಿಲ್ಲ. ನಾಲ್ಕೂ ಬಾಗಿಲು ಇವತ್ತಿಗೂ ಟಕ್ ಅಂತ ಒಟ್ಟಿಗೆ ಬೀಳುತ್ತವೆ.

ಕಾಟ ಕೊಟ್ಟಿದ್ದು ಸೈರನ್. ಗಾಡಿ ಅಲುಗಿದರೆ ಕೂಗಿಸುವ ಶಾಕ್ ಸೆನ್ಸರನ್ನು ಅಂಗಡಿಯವರು ತೀರಾ ಸೂಕ್ಷ್ಮಕ್ಕೆ ಇಟ್ಟಿದ್ದರು. ಮೊದಲ ದೀಪಾವಳಿಗೆ ಒಂದೊಂದು ಪಟಾಕಿಗೂ ಕೂಗಿತು. ಬೆಳಿಗ್ಗೆ ಪಕ್ಕದ ಮನೆ ಕಾಕಾ, "ರಾತ್ರಿ ನಿನ್ನ ಗಾಡಿ ಮಲಗಾಕ ಬಿಡಲಿಲ್ಲ ನೋಡಪಾ" ಅಂದರು. ಸೆನ್ಸರ್ ಮೇಲಿನ ಸಣ್ಣ ತಿರುಪು ತಿರುಗಿಸಿದರೆ ಸಾಕಿತ್ತು, ಐದು ನಿಮಿಷದ ಕೆಲಸ. ಸುಮ್ನೆ ಕೂಗುವ ಸೈರನ್ ನಿಜವಾದ ಕಳ್ಳ ಬಂದಾಗ ಕೂಗಿದರೂ ಯಾರು ಏಳುತ್ತಾರೆ, ಅಲ್ವಾ?

ಇನ್ನೊಂದು ತಪ್ಪು ಪೂರ್ತಿ ನನ್ನದೇ. ದುರ್ಗದ ಬೈಲ್ ಹತ್ತಿರ ಅವ್ವನನ್ನು ಕಾರಿನಲ್ಲಿ ಕೂರಿಸಿ, ರೂಢಿಯಂತೆ ರಿಮೋಟ್ ಒತ್ತಿ ತರಕಾರಿಗೆ ಹೋದೆ. ಸೆಕೆ ತಾಳದೆ ಅವ್ವ ಬಾಗಿಲು ತೆಗೆದಳು. ಸೈರನ್ ಶುರು, ಜನ ಗುಂಪು. "ಕೀಲಿ ಹಾಕಿ ಹೋಗಾಕ ನಾನೇನು ಸಾಮಾನೇನೋ?" ಅಂತ ಇವತ್ತಿಗೂ ಬೈಯುತ್ತಾಳೆ. ಬೈಯಲೇಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ. ಈಗ ಒಳಗೆ ಯಾರನ್ನೂ ಬಿಟ್ಟು ಹೋಗುವುದಿಲ್ಲ.

ಅನ್‌ಲಾಕ್ ಮಾಡಿ ಸುಮಾರು 30 ಸೆಕೆಂಡ್ ಬಾಗಿಲು ತೆಗೆಯದಿದ್ದರೆ ಇದು ತಾನೇ ಮತ್ತೆ ಲಾಕ್ ಆಗುತ್ತದೆ. ಒಳ್ಳೆಯದೇ. ಆದರೆ ನಮ್ಮದರಲ್ಲಿ ಡಿಕ್ಕಿ ಬಾಗಿಲಿನ ಲೆಕ್ಕಕ್ಕಿಲ್ಲ, ಅದನ್ನಷ್ಟೇ ತೆಗೆದರೆ ಲಾಕ್ ಬಿದ್ದೇ ಬಿಡುತ್ತದೆ. ಉಣಕಲ್ ಕೆರೆ ಹತ್ತಿರ ಕೀ ಇದ್ದ ಚೀಲವನ್ನು ಡಿಕ್ಕಿಯಲ್ಲಿಟ್ಟು ಮುಚ್ಚಿಬಿಟ್ಟೆ. ಎರಡನೇ ಕೀ ಧಾರವಾಡದ ಮನೆಯಿಂದ ಬರಬೇಕಾಯಿತು.

ರಿಮೋಟ್ ಸೆಲ್ ಒಂದೇ ಸಲ ಬದಲಿಸಿದ್ದೇನೆ, ಸಿಆರ್2032. (ಆ ಅಂಕಿಯಲ್ಲೇ ಅಳತೆ ಇದೆ: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ.) ಅದು ಸತ್ತ ದಿನ ಕೀಲಿಯಿಂದ ಬಾಗಿಲು ತೆಗೆದೆ, ಸೈರನ್ ಕೂಗಿತು. ಇದನ್ನು ನಿಲ್ಲಿಸಲೆಂದೇ ಡ್ಯಾಶ್‌ಬೋರ್ಡ್ ಕೆಳಗೆ ವ್ಯಾಲೆಟ್ ಸ್ವಿಚ್ ಅಂತ ಒಂದನ್ನು ಬಚ್ಚಿಟ್ಟಿರುತ್ತಾರೆ. ಹಾಕಿಸುವ ದಿನವೇ ಅದನ್ನು ಕೈಯಿಂದ ಮುಟ್ಟಿ ನೋಡಿಕೊಳ್ಳಿ. ನಾನು ನೋಡಿರಲಿಲ್ಲ. ರಾತ್ರಿ 11 ಗಂಟೆಗೆ ಮೊಬೈಲ್ ಟಾರ್ಚ್ ಹಿಡಿದು ಹುಡುಕುತ್ತಿದ್ದೆ, ಅಷ್ಟರಲ್ಲಿ ಕಾಕಾ ಮನೆಯ ಲೈಟ್ ಹತ್ತಿತು.