ಡಿಸ್ಚಾರ್ಜ್ ಬುಕ್ ಯಾರ ಕೈಗೂ ಕೊಡಬೇಡಿ: ದಾವಣಗೆರೆಯಲ್ಲಿ ನಮಗಾದ ಮೋಸ

ಮಾಜಿ ಸೈನಿಕರ ಮನೆಯವರು ದಯವಿಟ್ಟು ಪೂರ್ತಿ ಓದಿ. ಪೆನ್ಷನ್ ದಾಖಲೆಯಲ್ಲಿ ಹೆಸರು ತಪ್ಪಿದೆ, ಹುಟ್ಟಿದ ತಾರೀಖು ತಪ್ಪಿದೆ, ನಾನು ಸರಿ ಮಾಡಿಸಿಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಒಂದು ರೂಪಾಯಿ ಕೊಡಬೇಡಿ. ನಾವು 18,500 ಕೊಟ್ಟೆವು. ಕೊಟ್ಟಿದ್ದು ನಾನೇ, ನನ್ನ ಫೋನಿನಿಂದಲೇ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಅಪ್ಪ ಬೇಡ ಅಂದರು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ಮನುಷ್ಯ ಈಗಲೂ ಅಲ್ಲೇ ಕೂತಿದ್ದಾನೆ.

ನಮ್ಮದು ಜಗಳೂರು ಕಡೆಯ ಹಳ್ಳಿ. ಅಪ್ಪ 1969ರಲ್ಲಿ ಸೇನೆಗೆ ಸೇರಿ 1986ರಲ್ಲಿ ನಾಯಕ್ ಆಗಿ ಬಂದವರು. 1971ರ ಯುದ್ಧದ ಹೊತ್ತಿಗೆ ಪಶ್ಚಿಮದ ಗಡಿಯಲ್ಲಿದ್ದರು, ಟ್ರಂಕಿನಲ್ಲಿ ಪಶ್ಚಿಮಿ ಸ್ಟಾರ್ ಪದಕ ಇದೆ. ಮದುವೆಯಾಗಿದ್ದು 1974ರಲ್ಲಿ. ಕಳೆದ ನವೆಂಬರ್‌ನಲ್ಲಿ ಜೀವಿತ ಪ್ರಮಾಣ ಪತ್ರ ಕೊಡಲು ಹೋದಾಗ ಕಂಪ್ಯೂಟರ್ ಹುಡುಗ ಸೇನಾ ಪೆನ್ಷನ್ನಿನ ಸರ್ಕಾರಿ ವೆಬ್‌ಸೈಟ್ ಸ್ಪರ್ಶ್‌ನಲ್ಲಿ ಅಪ್ಪನ ವಿವರ ತೆಗೆದ. ಅಮ್ಮನ ಹೆಸರು ನೋಡಿ ನನಗೆ ಅರ್ಥವೇ ಆಗಲಿಲ್ಲ. ನಮ್ಮ ಕಡೆ ಹೆಂಗಸರ ಹೆಸರಿನ ಕೊನೆಗೆ ಅಮ್ಮ ಇರುತ್ತದೆ, ಅವ್ವ ಇರುತ್ತದೆ. ಅಲ್ಲಿ ಅಮ್ಮ ಹೋಗಿ ದೇವಿ ಆಗಿತ್ತು. ಆ ಕಾಲದಲ್ಲಿ ಬರೆದುಕೊಂಡ ಕ್ಲರ್ಕ್‌ಗೆ ತನ್ನೂರಿನ ರೂಢಿಯೇ ಸರಿ ಅನಿಸಿರಬೇಕು. ಹುಟ್ಟಿದ ವರ್ಷ 1954ರ ಬದಲು 1964. ಅಂದರೆ ದಾಖಲೆಯ ಪ್ರಕಾರ ಅಮ್ಮ ಹತ್ತು ವರ್ಷಕ್ಕೆ ಮದುವೆಯಾಗಿದ್ದಾರೆ! ಇಷ್ಟು ವರ್ಷ ಯಾರೂ ನೋಡಿಲ್ಲ. ನಾವೂ ನೋಡಿಲ್ಲ. ಪೆನ್ಷನ್ ತಿಂಗಳು ತಿಂಗಳು ಬರುತ್ತಿತ್ತು, ಸುಮ್ನೆ ಇದ್ದೆವು.

ಇದು ಸಣ್ಣ ವಿಷಯ ಅಲ್ಲ. ಅಪ್ಪನ ನಂತರ ಅಮ್ಮನಿಗೆ ಕುಟುಂಬ ಪಿಂಚಣಿ ಬರಬೇಕಾದರೆ ಪಿಪಿಒದಲ್ಲಿ (ಪೆನ್ಷನ್ ಕೊಡಲು ಆದೇಶಿಸುವ ಪತ್ರದಲ್ಲಿ) ಇರುವ ಹೆಸರು ಮತ್ತು ಆಧಾರ್‌ನಲ್ಲಿರುವ ಹೆಸರು ಒಂದೇ ಇರಬೇಕು. ಪಕ್ಕದ ಊರಿನಲ್ಲಿ ಹೀಗೇ ಹೆಸರು ಹೊಂದದೆ ಒಬ್ಬ ಅಜ್ಜಿ ಗಂಡ ತೀರಿಕೊಂಡ ಮೇಲೆ ಎಷ್ಟೋ ತಿಂಗಳು ಕಚೇರಿ ಕಚೇರಿ ಅಲೆದಿದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ಇನ್ನು ವಯಸ್ಸು. 80 ತುಂಬಿದರೆ ಪಿಂಚಣಿ ಶೇಕಡಾ 20 ಜಾಸ್ತಿಯಾಗುತ್ತದೆ, 85ಕ್ಕೆ 30, 90ಕ್ಕೆ 40. ಅಮ್ಮನಿಗೆ 2034ರಲ್ಲಿ ಸಿಗಬೇಕಾದ್ದು ಈ ದಾಖಲೆ ಹೀಗೇ ಇದ್ದರೆ 2044ಕ್ಕೆ ಹೋಗುತ್ತದೆ. ಅಪ್ಪನಿಗೆ ಅವತ್ತಿನಿಂದ ನಿದ್ದೆ ಇಲ್ಲ. "ನಾನು ಇರೋವಾಗ್ಲೇ ಇದು ಸರಿಯಾಗ್ಬೇಕು" ಅಂತ ದಿನಾ ಅದೇ ಮಾತು.

ಅದೇ ಹೊತ್ತಿಗೆ ಪರಿಚಯದವರೊಬ್ಬರು ದಾವಣಗೆರೆಯಲ್ಲಿ ಒಬ್ಬರಿದ್ದಾರೆ, ಮಿಲಿಟರಿ ಪೆನ್ಷನ್ ಕೆಲಸವೆಲ್ಲ ಮಾಡಿಕೊಡುತ್ತಾರೆ ಅಂದರು. ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ, ಮೊದಲ ಮಹಡಿ, ಕಿರಿದಾದ ಮೆಟ್ಟಿಲು. ಗೋಡೆ ಮೇಲೆ ತ್ರಿವರ್ಣ, ಯೋಧರ ಚಿತ್ರ, ಟೇಬಲ್ ಮೇಲೆ ಪುಟ್ಟ ಟ್ಯಾಂಕ್ ಬೊಂಬೆ. ಅಪ್ಪ ಬಾಗಿಲಿಗೆ ಬಂದ ತಕ್ಷಣ ಆತ ಕುರ್ಚಿಯಿಂದ ಎದ್ದು ಕಾಲು ಕೂಡಿಸಿ ನಿಂತು "ಜೈ ಹಿಂದ್ ಸಾಬ್" ಅಂದ. ಅಪ್ಪನ ಬೆನ್ನು ನೆಟ್ಟಗಾಗಿದ್ದು ನಾನು ನೋಡಿದೆ. ಮೊಣಕಾಲು ನೋವು ಅಂತ ಮೆಟ್ಟಿಲಿಗೆ ನನ್ನ ಕೈ ಹಿಡಿದು ಬಂದವರು, ಕೈ ಬಿಟ್ಟು ನಿಂತರು. ಅಲ್ಲಿಗೇ ಕೆಲಸ ಮುಗಿದಿತ್ತು.

ಆತ ತಾನು ಸೈನಿಕರ ಸೇವಾ ದಾಖಲೆ ಇಡುವ ಒಂದು ರೆಕಾರ್ಡ್ ಆಫೀಸಿನಲ್ಲಿ ಹೆಡ್ ಕ್ಲರ್ಕ್ ಆಗಿದ್ದೆ ಅಂತ ಹೇಳಿದ. ಯಾವ ಆಫೀಸು ಅಂತ ನಾನು ಕೇಳಲಿಲ್ಲ. ಅಪ್ಪನ ಜೊತೆ ಹಿಂದಿಯಲ್ಲಿ, ನನ್ನ ಜೊತೆ ನಮ್ಮ ಕಡೆಯ ಕನ್ನಡದಲ್ಲಿ ಮಾತಾಡುತ್ತಿದ್ದ. "ಪಾರ್ಟ್ ಟು ಆರ್ಡರ್ ಹಾಕಿಸ್ಬೇಕು, ಆಮೇಲೆ ಅಲಹಾಬಾದ್‌ನಿಂದ ಕೊರಿಜೆಂಡಮ್ ಪಿಪಿಒ ಬರುತ್ತೆ. ನೀವೇ ಹಾಕಿದ್ರೆ ಎರಡು ವರ್ಷ. ನಮ್ ಹುಡುಗ್ರು ಒಳಗಿದಾರೆ, ನಲವತ್ತೈದು ದಿನ. ಯಜಮಾನ್ರು ಸುಮ್ನೆ ಕೂತ್ಕಳ್ಲಿ ಮನೇಲಿ." ಪಾರ್ಟ್ ಟು ಆರ್ಡರ್ ಅಂದರೆ ಸೈನಿಕರ ವಿವರದ ಬದಲಾವಣೆ ದಾಖಲಿಸುವ ಸೇನೆಯ ಆದೇಶ, ಕೊರಿಜೆಂಡಮ್ ಅಂದರೆ ತಿದ್ದುಪಡಿ. ಎಲ್ಲ ನಿಜವಾಗಿ ಇರುವ ಮಾತುಗಳೇ. ಅಪ್ಪನಿಗೆ ಗೊತ್ತಿರುವ ಮಾತುಗಳು. ಅದಕ್ಕೇ ನಂಬಿಕೆ ಬಂತು.

ಫೈಲ್ ಚಾರ್ಜ್ ಅಂತ 2,500. ಹೆಸರು ಬದಲಾವಣೆಗೆ ಗೆಜೆಟ್ ಆಗಬೇಕು ಅಂತ ಎರಡು ವಾರ ಬಿಟ್ಟು 6,000. ಆಮೇಲೆ "ಮೇಲಿನ ಸಾಹೇಬ್ರಿಗೆ" ಅಂತ 10,000. ಮೂರನೇ ಸಲ ನನಗೆ ಅನುಮಾನ ಬಂತು. ಬಂದರೂ ಕೊಟ್ಟೆ. ಯಾಕೆ ಕೊಟ್ಟೆ ಅಂತ ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಅರ್ಧ ದಾರಿಗೆ ಬಂದ ಕೆಲಸ ಕೆಡುತ್ತದೆ ಅನ್ನೋ ಭಯ. ನಾನು ಓದಿದವನು, ದಿನಾ ಲೆಕ್ಕಪತ್ರ ನೋಡುವ ಕೆಲಸ ನನ್ನದು. ರಸೀದಿ ಕೊಡಿ ಅಂತ ಒಂದು ಮಾತು ಕೇಳಲಿಲ್ಲ.

ದುಡ್ಡಿಗಿಂತ ದೊಡ್ಡ ತಪ್ಪು ಎರಡು. ಒಂದು, ಅಪ್ಪನ ಡಿಸ್ಚಾರ್ಜ್ ಬುಕ್ (ಸೇನೆ ಬಿಡುವಾಗ ಕೊಟ್ಟ ಸೇವಾ ದಾಖಲೆಯ ಪುಸ್ತಕ) ಅಸಲಿಯನ್ನೇ ಅವನ ಕೈಗೆ ಕೊಟ್ಟೆವು. ಅಮ್ಮ ಅದನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಇಷ್ಟು ವರ್ಷ ಟ್ರಂಕಿನ ತಳದಲ್ಲಿ ಇಟ್ಟಿದ್ದರು. ಮಕ್ಕಳಾದ ನಮಗೂ ಮುಟ್ಟಲು ಬಿಡುತ್ತಿರಲಿಲ್ಲ. ಅದನ್ನು ಆತ ಸೀರೆ ತುಂಡು ಬಿಚ್ಚಿ ಪಕ್ಕಕ್ಕೆ ಎಸೆದು, ಡ್ರಾಯರ್‌ನೊಳಗೆ ಹಾಕಿದ. ಎರಡು, ಸ್ಪರ್ಶ್ ಪಾಸ್‌ವರ್ಡ್ ಕೊಟ್ಟೆವು. "ಒಂದು ಒಟಿಪಿ ಬರುತ್ತೆ, ಹೇಳ್ರಿ" ಅಂದ. ಹೇಳಿದೆವು.

ಆಮೇಲೆ ಶುರುವಾಯಿತು ಕಾಯುವುದು. ನಲವತ್ತೈದು ದಿನ ಆಯಿತು, ಅರವತ್ತಾಯಿತು. ನಾನು ವಾಟ್ಸಾಪ್‌ನಲ್ಲಿ ಕೇಳುವುದು, ಆತ ಒಂದೇ ಉತ್ತರ ಕೊಡುವುದು. "ಪ್ರೊಸೆಸ್‌ನಲ್ಲಿದೆ ಸರ್." ಒಂದು ವಾರ ಬಿಟ್ಟು ಕೇಳಿದರೂ "ಪ್ರೊಸೆಸ್‌ನಲ್ಲಿದೆ ಸರ್." ಜೋರು ಮಾಡಿದರೆ "ಮಿಲಿಟರಿ ಕೆಲ್ಸ ಸರ್, ತಹಶೀಲ್ದಾರ್ ಆಫೀಸ್ ಅಲ್ಲ" ಅಂತ. ಅಪ್ಪ ಮಾತ್ರ ಅವನನ್ನೇ ವಹಿಸಿಕೊಳ್ಳುತ್ತಿದ್ದರು. "ಫೌಜಿ ಇನ್ನೊಬ್ಬ ಫೌಜಿಗೆ ಮೋಸ ಮಾಡಲ್ಲಪ್ಪಾ, ನೀನು ಸ್ವಲ್ಪ ತಾಳ್ಮೆ ಇಟ್ಕೋ."

ಮೂರನೇ ತಿಂಗಳು ಒಂದು ಪಿಡಿಎಫ್ ಕಳಿಸಿದ. "ಕಂಗ್ರಾಚುಲೇಷನ್ಸ್ ಸರ್, ಕೊರಿಜೆಂಡಮ್ ಬಂತು. ಬ್ಯಾಲೆನ್ಸ್ 5,000 ಹಾಕಿ, ಬುಕ್ ತಗೊಂಡು ಹೋಗಿ." ಮೇಲೆ ಮೂರು ಸಿಂಹ, ಕೆಳಗೆ ನೇರಳೆ ಬಣ್ಣದ ದುಂಡು ಮುದ್ರೆ, ಸಹಿ. ಅಮ್ಮನ ಹೆಸರು ಸರಿಯಾಗಿದೆ, 1954 ಅಂತಲೂ ಇದೆ. ನಾನು ಖುಷಿಯಿಂದ ಪ್ರಿಂಟ್ ತೆಗೆಸಿ ಮನೆಗೆ ಒಯ್ದೆ. ಅಮ್ಮ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದರು.

ರಾತ್ರಿ ಊಟ ಆದ ಮೇಲೆ ಅಪ್ಪ ಕನ್ನಡಕ ಹಾಕಿಕೊಂಡು, ಬಲ್ಬಿನ ಕೆಳಗೆ ಆ ಕಾಗದ ಹಿಡಿದು ಒಂದೊಂದೇ ಸಾಲು ಓದಿದರು. ಬೆರಳು ಒಂದು ಕಡೆ ನಿಂತಿತು. "ಇದು ನನ್ನ ನಂಬರ್ ಅಲ್ಲ" ಅಂದರು.

ಸೈನಿಕರ ಸರ್ವಿಸ್ ನಂಬರ್ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಅಂಕಿಗಳೆಲ್ಲ ಸರಿ ಇದ್ದವು, ಆ ಅಕ್ಷರ ಬೇರೆ ಇತ್ತು. ನಾನು ಏನು ಹೇಳಿದೆ ಗೊತ್ತಾ? "ಟೈಪಿಂಗ್ ತಪ್ಪಿರುತ್ತೆ ಬಿಡಪ್ಪಾ." ಅಪ್ಪ ನನ್ನ ಮುಖ ನೋಡಿದರು. "ನನ್ನ ಹೆಸರು ತಪ್ಪಿ ಬರೀಬಹುದು. ನಂಬರ್ ತಪ್ಪಲ್ಲ. ಹದಿನೇಳು ವರ್ಷ ಅದೇ ನಂಬರ್ ಕೂಗಿದಾರೆ ನಂಗೆ." ಮತ್ತೆ ಮಾತಾಡಲಿಲ್ಲ. ಎದ್ದು ಹೋಗಿ ಮಲಗಿದರು. ನಿದ್ದೆ ಮಾಡಲಿಲ್ಲ ಅಂತ ನನಗೆ ಗೊತ್ತು, ನಾನೂ ಮಾಡಲಿಲ್ಲ.

ಬೆಳಿಗ್ಗೆ ಆತನಿಗೆ ಫೋನ್ ಮಾಡಿದರೆ ಬಂದ ಉತ್ತರ ಇದು: "ಹೊಸ ಸಿಸ್ಟಮ್‌ನಲ್ಲಿ ಕೊನೇ ಅಕ್ಷರ ಚೇಂಜ್ ಮಾಡಿದಾರೆ ಸರ್. ಯಜಮಾನ್ರಿಗೆ ವಯಸ್ಸಾಗಿದೆ, ಮರೆತಿರ್ತಾರೆ." ಮರೆತಿರ್ತಾರೆ! ಈ ಒಂದು ಮಾತಿಗೆ ನನಗೆ ಈಗಲೂ ಕೈ ನಡುಗುತ್ತದೆ.

ಆ ಕಾಗದ ಹಿಡಿದುಕೊಂಡು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋದೆವು. ಮೊದಲೇ ಹೋಗಬೇಕಿದ್ದ ಜಾಗ. ಅಲ್ಲಿದ್ದವರೂ ಮಾಜಿ ಸೈನಿಕರೇ. ಕಾಗದ ತಿರುಗಿಸಿ ನೋಡಿದರು, ಸಹಿ ಹಾಕಿದ ತಾರೀಖು ಕ್ಯಾಲೆಂಡರಿನಲ್ಲಿ ನೋಡಿದರು. ಭಾನುವಾರ. "ಸ್ಪರ್ಶ್ ಓಪನ್ ಮಾಡಿ ನೋಡೋಣ, ಒಟಿಪಿ ಹೇಳಿ ಸರ್" ಅಂದರು. ಅಪ್ಪ ಫೋನ್ ಕೈಯಲ್ಲಿ ಹಿಡಿದು ಕೂತರು. ಒಂದು ನಿಮಿಷ, ಎರಡು ನಿಮಿಷ. ಇನ್ನೊಂದು ಸಲ ಕಳಿಸಿದರು. ಬರಲೇ ಇಲ್ಲ. ಅಪ್ಪನ ನಂಬರ್ ತೆಗೆದು ಬೇರೆ ನಂಬರ್ ಹಾಕಲಾಗಿತ್ತು. ಒಟಿಪಿ ಹೋಗುತ್ತಿದ್ದುದು ಬೇರೆಯವರ ಫೋನಿಗೆ. ಅಪ್ಪನ ಪೆನ್ಷನ್ ಖಾತೆಯ ಬಾಗಿಲಿನ ಕೀಲಿ ಮೂರು ತಿಂಗಳು ಇನ್ನೊಬ್ಬನ ಹತ್ತಿರ ಇತ್ತು. ನನ್ನ ಕಾಲ ಕೆಳಗೆ ನೆಲ ಇಲ್ಲದ ಹಾಗಾಯಿತು.

ನಂಬರ್ ಮತ್ತೆ ಸರಿ ಮಾಡಿಸಿ ಒಳಗೆ ನೋಡಿದರೆ ಅದೇ ದೇವಿ, ಅದೇ 1964. ಒಂದು ಅರ್ಜಿಯೂ ಹೋಗಿರಲಿಲ್ಲ. ಬ್ಯಾಂಕ್ ಖಾತೆ ಬದಲಾಗಿರಲಿಲ್ಲ, ಅದೊಂದು ಪುಣ್ಯ.

ಬುಕ್ ವಾಪಸ್ ಕೇಳಲು ಹೋದಾಗ "ಬ್ಯಾಲೆನ್ಸ್ ಕೊಟ್ರೆ ಬುಕ್" ಅಂದ. ನಾನು ಕಾಗದ ನಕಲಿ ಅಂದೆ. "ಹಾಗಾದ್ರೆ ಯಾರು ಕೊಟ್ರು ಅಂತ ಪ್ರೂಫ್ ತೋರ್ಸಿ" ಅಂದ. ವಾಟ್ಸಾಪ್ ತೆಗೆದು ನೋಡಿದರೆ ಆ ಪಿಡಿಎಫ್ ಅವನು ಡಿಲೀಟ್ ಮಾಡಿದ್ದ. ಮರುದಿನ ಊರಿನ ಇನ್ನಿಬ್ಬರು ಮಾಜಿ ಸೈನಿಕರು ಜೊತೆಗೆ ಬಂದರು. ಇಲ್ಲಿಂದ ನೇರ ಪೊಲೀಸ್ ಸ್ಟೇಷನ್‌ಗೆ ಹೋಗುತ್ತೇವೆ ಅಂದ ಮೇಲೆ ಡ್ರಾಯರ್ ತೆಗೆದು ಬುಕ್ ಟೇಬಲ್ ಮೇಲೆ ಎಸೆದ. ಹೌದು, ಎಸೆದ. ಒಳಗೆ ಎರಡು ಹಾಳೆ ಮಡಚಿ ಹೋಗಿದ್ದವು. ಸೀರೆ ತುಂಡು ಸಿಗಲಿಲ್ಲ. ಜೈ ಹಿಂದ್ ಅಂದವನು ಅವತ್ತು ಕುರ್ಚಿಯಿಂದ ಏಳಲೂ ಇಲ್ಲ. ಆಮೇಲೆ ಸ್ಟೇಷನ್‌ಗೂ ಹೋಗಿ ದೂರು ಕೊಟ್ಟೆವು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿದೆವು. ದುಡ್ಡು ಇನ್ನೂ ಬಂದಿಲ್ಲ.

ಈಗ ಸರಿಯಾದ ದಾರಿ ಯಾವುದು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ. ಸೈನಿಕರ ದಾಖಲೆ ತಿದ್ದುವುದು ಅವರವರ ರೆಕಾರ್ಡ್ ಆಫೀಸ್ ಮಾತ್ರ. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆದರೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್, ಆರ್ಟಿಲರಿ ಆದರೆ ನಾಸಿಕ್, ಸಿಗ್ನಲ್ಸ್ ಆದರೆ ಜಬಲ್ಪುರ. ಅವರು ತಿದ್ದಿ ಕಳಿಸಿದ ಮೇಲೆ ಪ್ರಯಾಗ್‌ರಾಜ್‌ನ ಪಿಸಿಡಿಎ (ರಕ್ಷಣಾ ಲೆಕ್ಕಪತ್ರ ಇಲಾಖೆಯ) ಪೆನ್ಷನ್ ಕಚೇರಿಯಿಂದ ಕೊರಿಜೆಂಡಮ್ ಪಿಪಿಒ ಬರುತ್ತದೆ. ಇದಕ್ಕೆ ಸರ್ಕಾರದ ಶುಲ್ಕ ಇಲ್ಲ. ಅರ್ಜಿ, ಅಫಿಡವಿಟ್, ಆಧಾರ್, ಪಿಪಿಒ, ಡಿಸ್ಚಾರ್ಜ್ ಬುಕ್‌ನ ಜೆರಾಕ್ಸ್. ಜೆರಾಕ್ಸ್ ಮಾತ್ರ! ಸೈನಿಕ ಕಲ್ಯಾಣ ಕಚೇರಿಯವರೇ ಅರ್ಜಿ ಬರೆಸಿ ಕಳಿಸಿಕೊಡುತ್ತಾರೆ, ನಮಗೆ ಹಾಗೇ ಮಾಡಿಕೊಟ್ಟರು. ನಮ್ಮ ಖರ್ಚು ನೋಟರಿ, ಜೆರಾಕ್ಸ್, ಸ್ಪೀಡ್ ಪೋಸ್ಟ್, ಅಷ್ಟೇ. ಉತ್ತರ ಬರದಿದ್ದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಕೊರಿಜೆಂಡಮ್ ಬಂತು ಅಂತ ಯಾರಾದರೂ ಕಾಗದ ತೋರಿಸಿದರೆ ನಂಬಬೇಡಿ, ನಿಮ್ಮ ಫೋನಿನಲ್ಲಿ, ನಿಮ್ಮ ಒಟಿಪಿ ಹಾಕಿ, ಸ್ಪರ್ಶ್‌ನಲ್ಲಿ ನೀವೇ ನೋಡಿ.

ಇವತ್ತೇ ಒಂದು ಸಲ ಮನೆಯ ಪಿಪಿಒ ತೆಗೆದು ಅಮ್ಮನ ಹೆಸರು, ಹುಟ್ಟಿದ ತಾರೀಖು ನೋಡಿ. ಅಪ್ಪ ಇರುವಾಗಲೇ ನೋಡಿ. ಅವರ ಸಹಿ, ಅವರ ಬೆರಳು, ಅವರ ನೆನಪು ಇರುವಾಗ ಆಗುವ ಕೆಲಸ ಆಮೇಲೆ ಹತ್ತು ಪಟ್ಟು ಕಷ್ಟ.

ನಮ್ಮ ಅರ್ಜಿ ರೆಕಾರ್ಡ್ ಆಫೀಸಿಗೆ ತಲುಪಿದೆ ಅಂತ ಕಳೆದ ವಾರ ಅಂಚೆಯ ಮೆಸೇಜ್ ಬಂತು. ಅಮ್ಮ ಇನ್ನೊಂದು ಸೀರೆಯ ತುಂಡು ಹರಿದು ಬುಕ್ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಾರೆ. ಬೀಗದ ಕೀಲಿ ಈ ಸಲ ನನಗೆ ಕೊಟ್ಟಿಲ್ಲ.