ಪತ್ರಾಸಿನ ಕೋಣೆಗೆ ಪಫ್ ಸ್ಪ್ರೇ: ಕಲಬುರಗಿ ಬಿಸಿಲಲ್ಲಿ ನಾಲ್ಕು ಬೇಸಿಗೆ ಕಳೆದ ಮೇಲೆ

ನಮ್ಮ ಮನೆ ಇರುವುದು ಕಲಬುರಗಿಯ ಸೇಡಂ ರಸ್ತೆ ಕಡೆ. ಕೆಳಗೆ ಸ್ಲ್ಯಾಬಿನ ಮನೆ, ನೆಲಕ್ಕೆ ಶಹಾಬಾದ್ ಫರ್ಸಿ. ಮೇಲೆ ಇಟ್ಟಂಗಿ ಗೋಡೆ ಎಬ್ಬಿಸಿ ಪತ್ರಾಸ್, ಅಂದರೆ ತಗಡಿನ ಶೀಟು, ಹೊದಿಸಿದ ಒಂದು ಕೋಣೆ, 20ಕ್ಕೆ 16 ಅಡಿ. ಅಲ್ಲೇ ನನ್ನ ಹೊಲಿಗೆ ಕೆಲಸ. ಮೂರು ಮಷೀನು, ಒಂದು ಇಸ್ತ್ರಿ ಟೇಬಲ್ಲು, ಜೊತೆಗೆ ಇಬ್ಬರು ಹುಡುಗಿಯರು. ಶರಣಬಸಪ್ಪನ ಜಾತ್ರೆ ಮುಗಿಯಿತು ಅಂದರೆ ಆ ಕೋಣೆ ಭಟ್ಟಿ. ಏಪ್ರಿಲ್, ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ನಾವು ಹಾಗೆ ಮುಚ್ಚುವ ಹಾಗಿಲ್ಲ, ಮದುವೆ ಬ್ಲೌಸುಗಳು ಬರುವುದೇ ಆಗ.

ಮೊದಲು ಏನೇನೋ ಮಾಡಿದೆವು. ಪತ್ರಾಸಿನ ಮೇಲೆ ತೊಗರಿ ಕಟ್ಟಿಗೆ ಹಾಸಿದೆವು. ತಂಪಾಗಿದ್ದದ್ದು ನಿಜ, ಆದರೆ ಮೇ ತಿಂಗಳ ಒಂದು ಗಾಳಿಮಳೆಗೆ ಅರ್ಧ ಕಟ್ಟಿಗೆ ಪಕ್ಕದವರ ಅಂಗಳಕ್ಕೆ ಹೋಯಿತು. ಆಮೇಲೆ ಒಳಗೆ ಥರ್ಮಾಕೋಲ್ ಹಲಗೆ ಸಿಕ್ಕಿಸಿದೆವು. ಅದರ ಮೇಲೆ ಇಲಿ ಸಂಸಾರ ಹೂಡಿತು. ಕೊನೆಗೆ 2022ರ ಫೆಬ್ರವರಿಯಲ್ಲಿ ಪಫ್ ಸ್ಪ್ರೇ ಮಾಡಿಸಿದೆ. ಕೋಲ್ಡ್ ಸ್ಟೋರೇಜ್ ಗೋಡೆಯಲ್ಲಿ, ಫ್ರಿಜ್ಜಿನ ಬಾಗಿಲಲ್ಲಿ ಇರುವ ಪಾಲಿಯುರೆಥೇನ್ ಫೋಮ್ ಇದು. ಇಲ್ಲಿ ಅದನ್ನು ಗನ್ನಿನಿಂದ ಹೊಡೆಯುತ್ತಾರೆ, ಅಷ್ಟೇ.

ಮೆಷಿನ್ ಹೈದರಾಬಾದಿನಿಂದ ಗಾಡಿಯಲ್ಲಿ ಬಂತು. ಇಷ್ಟು ಚಿಕ್ಕ ಕೋಣೆಗೆ ಅಷ್ಟು ದೂರದಿಂದ ಯಾರೂ ಬರಲು ಒಪ್ಪುವುದಿಲ್ಲ. ನಮ್ಮ ಓಣಿಯ ಇನ್ನೊಬ್ಬರು ಅವರ ಮಾಳಿಗೆಗೂ ಹೊಡೆಸುತ್ತೇವೆ ಅಂದದ್ದಕ್ಕೆ ಬಂದರು. ಎರಡು ಡ್ರಮ್ಮು, ಎರಡು ಪೈಪು. ಒಂದರಲ್ಲಿ ಐಸೋಸಯನೇಟ್, ಇನ್ನೊಂದರಲ್ಲಿ ಪಾಲಿಯೋಲ್. ಎರಡೂ ಬಿಸಿಯಾಗಿ ಬಂದು ಗನ್ನಿನ ಬಾಯಲ್ಲಿ ಸರಿಸಮ ಕೂಡಬೇಕು. ಪತ್ರಾಸಿಗೆ ತಗುಲಿದ ಗಳಿಗೆ ಅದು ಎಣ್ಣೆಯ ಹಾಗೆ ತೆಳ್ಳಗೆ ಹೊಳೆಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪೂರಿ ಉಬ್ಬಿದ ಹಾಗೆ ಉಬ್ಬಿ, ನಿಮಿಷದೊಳಗೆ ಬೆರಳಲ್ಲಿ ಒತ್ತಿದರೂ ತಗ್ಗದಷ್ಟು ಗಟ್ಟಿ. ಮೇಲಿಂದ ಮೇಲೆ ತೆಳುವಾಗಿ ಹೊಡೆದು ಎರಡು ಇಂಚು ಮಾಡಿದರು. ಒಂದೇ ಸಲ ದಪ್ಪ ಹೊಡೆದರೆ ಒಳಗೇ ಕಾವು ಏರಿ ಫೋಮ್ ಸುಟ್ಟುಕೊಳ್ಳುತ್ತದೆ, ಬಿರಿಯುತ್ತದೆ. ಕೆಲಸ ಮುಗಿದ ಮೇಲೆ ನಮ್ಮ ಅತ್ತೆ ಮೆಟ್ಟಿಲ ತುದಿಯಿಂದಲೇ ಇಣುಕಿ, "ಇದೇನವ್ವಾ, ಛತ್ತಿಗೆ ಹಿಟ್ಟು ಮೆತ್ತಿದಂಗ ಕಾಣಸ್ತದ" ಅಂದರು. ನಿಜವಾಗಿಯೂ ಚೆಂದ ಕಾಣುವುದಿಲ್ಲ.

ಫೋಮಿನಲ್ಲಿ ಎರಡು ಜಾತಿ ಇವೆ. ಓಪನ್ ಸೆಲ್ ಅಂದರೆ ಸ್ಪಂಜಿನ ಹಾಗೆ ಮೆತ್ತಗೆ, ಅಗ್ಗ, ನೀರು ಹೀರುತ್ತದೆ. ಕ್ಲೋಸ್ಡ್ ಸೆಲ್ ಗಟ್ಟಿ, ನೀರು ಕುಡಿಯುವುದಿಲ್ಲ, ಇಂಚಿಗೆ ಇಂಚು ಹೋಲಿಸಿದರೆ ಬಿಸಿ ತಡೆಯುವುದು ಹೆಚ್ಚುಕಡಿಮೆ ಒಂದೂವರೆ ಪಟ್ಟು ಜಾಸ್ತಿ. ಪತ್ರಾಸಿಗೆ ಕ್ಲೋಸ್ಡ್ ಸೆಲ್ಲೇ ಹಾಕಿಸಿ, ಅದರಲ್ಲಿ ಚೌಕಾಸಿ ಬೇಡ.

ಚೌಕಾಸಿ ಮಾಡಬೇಕಾದದ್ದು ಅಳತೆಯಲ್ಲಿ. ಚದರಡಿಗೆ 110 ರೂಪಾಯಿ ಅಂತ ಮಾತಾಗಿತ್ತು. ನನ್ನ ಲೆಕ್ಕ 320 ಚದರಡಿ, 35,200 ರೂಪಾಯಿ. ಬಿಲ್ಲು ಬಂದದ್ದು 390 ಚದರಡಿಗೆ, 42,900! ಪತ್ರಾಸಿನ ಏರಿಳಿತದ ಮೇಲೆ ಟೇಪು ಮಲಗಿಸಿ ಅಳೆದಿದ್ದರು. ಫೋಮ್ ಅಷ್ಟು ಜಾಗಕ್ಕೆ ಹಿಡಿದಿದೆ ಅನ್ನುವುದು ಸುಳ್ಳಲ್ಲ. ಆದರೆ ಮೊದಲೇ ಹೇಳಬೇಕಲ್ವಾ? ವಾದ ಮಾಡಿ 39,000ಕ್ಕೆ ಮುಗಿಸಿದೆ. ನೀವು ಮಾಡಿಸುವುದಾದರೆ ನೆಲದ ಅಳತೆಯೋ ಪತ್ರಾಸಿನ ಅಳತೆಯೋ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ದಪ್ಪ ಎಷ್ಟು ಅಂತಲೂ ಬರೆಸಿ. ಒಂದು ದಬ್ಬಳಕ್ಕೆ ಎರಡು ಇಂಚಿಗೆ ಗುರುತು ಹಾಕಿಟ್ಟು, ಅವರು ಹೊರಡುವ ಮೊದಲು ಹತ್ತು ಕಡೆ ಚುಚ್ಚಿ ನೋಡಿ. ನಮ್ಮಲ್ಲಿ ಗೋಡೆ ಅಂಚಿಗೆ ಒಂದೇ ಇಂಚಿತ್ತು, ಮತ್ತೆ ಹೊಡೆಸಿದೆ.

ಹೊಡೆಯುವಾಗ ಮನೆಯವರು ಯಾರೂ ಒಳಗೆ ಇರಬಾರದು. ಹೊಡೆಯುವವನಿಗೇ ಗಾಳಿ ಪೈಪಿನ ಮುಖವಾಡ ಬೇಕು, ಆ ಐಸೋಸಯನೇಟ್ ಉಸಿರಿಗೆ ಹೋದರೆ ದಮ್ಮಿನ ಕಾಯಿಲೆ ಅಂಟಿಕೊಳ್ಳಬಹುದು. ನಾವು ಎರಡು ರಾತ್ರಿ ನಾದಿನಿ ಮನೆಯಲ್ಲಿ ಇದ್ದೆವು. ಬಂದು ನೋಡಿದರೆ ವಾಸನೆ ಹೋಗಿತ್ತು, ಒಂದು ಮೂಲೆ ಬಿಟ್ಟು. ಆ ಮೂಲೆ ಮಾತ್ರ ಬಿಸಿಲು ಏರಿದ ಹಾಗೆ ಕೊಳೆತ ಮೀನಿನ ವಾಸನೆ ಹೊಡೆಯುತ್ತಿತ್ತು. ಮುಟ್ಟಿದರೆ ಅಂಟಂಟು. ಡ್ರಮ್ ಖಾಲಿಯಾಗುವ ಹೊತ್ತಿಗೆ ಎರಡು ದ್ರವ ಸಮ ಕೂಡದೆ ಹೋದರೆ ಹೀಗಾಗುತ್ತದೆ, ಅದು ತಾನಾಗಿ ಒಣಗುವುದೂ ಇಲ್ಲ. "ನಾಲ್ಕು ದಿನ ಬಿಡ್ರಿ ಮೇಡಂ, ಹೋಗ್ತದ" ಅಂದರು ಫೋನಿನಲ್ಲಿ. ಹೋಗಲಿಲ್ಲ. ಮೂರು ವಾರ ಫೋನ್ ಮಾಡಿದ ಮೇಲೆ ಬಂದು, ಅಷ್ಟನ್ನೂ ಕೆರೆದು ತೆಗೆದು ಹೊಸದು ಹೊಡೆದರು. ಪೂರ್ತಿ ದುಡ್ಡು ಮೊದಲೇ ಕೊಟ್ಟಿದ್ದರೆ ಬರುತ್ತಿದ್ದರೋ ಇಲ್ಲವೋ.

ಈಗ ತಂಪಿನ ಮಾತು. ನಮ್ಮ ಕೋಣೆ ಮುಂದೆ ಅದೇ ಪತ್ರಾಸ್ ನಾಲ್ಕು ಅಡಿ ಚಾಚಿಕೊಂಡಿದೆ, ಅಲ್ಲಿಗೆ ಫೋಮ್ ಇಲ್ಲ. ಹಾಗಾಗಿ ಹೋಲಿಸುವುದು ಸುಲಭವಾಯಿತು. ಕೊರೊನಾ ಕಾಲದ ಹಣೆಗೆ ಹಿಡಿಯುವ ಗನ್ನು ಹಿಡಿದರೆ ಅದು ಸುಮ್ನೆ 'ಹೈ' ಅಂತ ತೋರಿಸಿತು. ಆಮೇಲೆ ಎಸಿ ರಿಪೇರಿಯ ಹುಡುಗನ ಗನ್ ತರಿಸಿದೆ. ಹೊಳೆಯುವ ತಗಡಿಗೆ ನೇರ ಹಿಡಿದರೆ ಅದು ತಪ್ಪು ಲೆಕ್ಕ ತೋರಿಸುತ್ತದಂತೆ, ಅವನು ಕರಿ ಟೇಪಿನ ತುಂಡು ಅಂಟಿಸಿ ಅದಕ್ಕೆ ಹಿಡಿದ. ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಹೊರಗೆ 42. ಬರೀ ಪತ್ರಾಸ್ 61 ಡಿಗ್ರಿ. ಒಳಗೆ ಫೋಮ್ 39. ತಲೆ ಮೇಲೆ ಕೆಂಡ ಇಟ್ಟ ಹಾಗೆ ಆಗುತ್ತಿತ್ತಲ್ಲ, ಅದು ಹೋಯಿತು. ಮೊದಲು ಬೆಳಿಗ್ಗೆ ಹತ್ತಕ್ಕೇ ಕೂಲರ್ ಹಾಕುತ್ತಿದ್ದೆವು, ಈಗ ಒಂದು ಗಂಟೆವರೆಗೆ ಫ್ಯಾನೇ ಸಾಕು. ಕೂಲರಿಗೆ ಸುರಿಯುವ ನೀರು ಉಳಿದದ್ದು ನನಗೆ ಕರೆಂಟ್ ಬಿಲ್ಲಿಗಿಂತ ದೊಡ್ಡ ಲಾಭ. ಬೇಸಿಗೆಯಲ್ಲಿ ನಮ್ಮ ಓಣಿಗೆ ನೀರು ಬರುವ ಪರಿ ಗೊತ್ತಿದ್ದವರಿಗೆ ಇದು ಅರ್ಥವಾದೀತು.

ಆದರೆ ಮೊದಲ ಬೇಸಿಗೆಯ ರಾತ್ರಿಗಳಲ್ಲಿ ನಾನು ಮೋಸ ಹೋದೆ ಅಂದುಕೊಂಡಿದ್ದೆ. ಬರೀ ಪತ್ರಾಸ್ ಸೂರ್ಯ ಮುಳುಗಿದ ಮೇಲೆ ಬೇಗ ತಣ್ಣಗಾಗುತ್ತದೆ, ಎಂಟು ಗಂಟೆಗೆಲ್ಲ ಕೋಣೆ ಹಗುರ. ಫೋಮ್ ಹಾಕಿದ ಮೇಲೆ ರಾತ್ರಿ ಹತ್ತಾದರೂ ಒಳಗೆ ಉಬ್ಬೆ. ಫೋಮ್ ತಂಪು ತಯಾರಿಸುವ ವಸ್ತು ಅಲ್ಲ ನೋಡಿ, ಬಿಸಿ ದಾಟುವುದನ್ನು ನಿಧಾನ ಮಾಡುತ್ತದೆ. ಒಳಗಿನ ಬಿಸಿ ಹೊರಗೆ ಹೋಗುವುದನ್ನೂ ಅಷ್ಟೇ ನಿಧಾನ ಮಾಡುತ್ತದೆ. ಪಡುವಣ ಗೋಡೆ ನಾಲ್ಕೂವರೆ ಇಂಚಿನದು, ಸಂಜೆ ಬಿಸಿಲು ಕುಡಿದು ರಾತ್ರಿ ಕಕ್ಕುತ್ತದೆ. ಅದು ಹೋಗಲು ದಾರಿ ಇರಲಿಲ್ಲ. ಗೌಂಡಿಯನ್ನು ಕರೆಸಿ ಎದುರುಬದುರು ಎರಡು ಗೋಡೆಯಲ್ಲಿ ಮೇಲ್ಗಡೆ ಕಿಂಡಿ ಕೊರೆಸಿ ಒಂದಕ್ಕೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಪಡುವಣ ಗೋಡೆಗೆ ಹೊರಗಿನಿಂದ ಹಸಿರು ನೆಟ್ ಕಟ್ಟಿದೆ. ಸಂಜೆ ಏಳಕ್ಕೆ ಕಿಟಕಿ ತೆಗೆದು ಫ್ಯಾನ್ ಹಾಕುವುದು, ಬೆಳಿಗ್ಗೆ ಎಂಟಕ್ಕೆ ಎಲ್ಲ ಮುಚ್ಚುವುದು. ಇಷ್ಟು ಮಾಡಿದ ಮೇಲೆಯೇ ಫೋಮಿನ ದುಡ್ಡು ವಸೂಲಾದದ್ದು. ಈ ಮಾತನ್ನು ಮಾರುವವರು ಯಾರೂ ಹೇಳಲಿಲ್ಲ.

ಬೆಂಕಿಯ ವಿಷಯದಲ್ಲೂ ಅವರ ಮಾತನ್ನು ಪೂರ್ತಿ ನಂಬಬೇಡಿ. "ಇದು ಹತ್ತಲ್ಲ" ಅಂದಿದ್ದರು. ಕತ್ತರಿಸಿ ಬಿದ್ದಿದ್ದ ಒಂದು ತುಂಡನ್ನು ಅಂಗಳದಲ್ಲಿಟ್ಟು ಕಡ್ಡಿ ಗೀರಿದೆ. ಕಡ್ಡಿ ತೆಗೆದರೆ ಆರುತ್ತದೆ, ಹಿಡಿದೇ ಇದ್ದರೆ ಉರಿಯುತ್ತದೆ. ಆ ಕರಿ ಹೊಗೆ ವಿಷ, ಅದರಲ್ಲಿ ಸಯನೈಡ್ ಅನಿಲವೂ ಇರುತ್ತದೆ. ಬಟ್ಟೆ, ನೂಲು, ಇಸ್ತ್ರಿ ಇರುವ ಕೋಣೆ ನನ್ನದು. ಹಾಗಾಗಿ ಫೋಮ್ ಕೆಳಗೆ ಇಡೀ ಕೋಣೆಗೆ ಸಿಮೆಂಟ್ ಬೋರ್ಡ್ ಹೊಡೆಸಿದೆ. ಅದಕ್ಕೆ ಇನ್ನೊಂದು 27,000 ಹೋಯಿತು. ಫೋಮ್ ಒಳಗೆ ಹೂತುಹೋಗಿದ್ದ ವೈರುಗಳನ್ನೂ ತೆಗೆಸಿ, ಪೈಪಿನಲ್ಲಿ ಹೊಸದಾಗಿ ಎಳೆಸಿದೆ. ಒಳಗೆ ಮುಚ್ಚಿಹೋದ ವೈರಿನ ಕಾವು ಹೊರಗೆ ಹೋಗುವುದಿಲ್ಲ.

ಎರಡನೇ ಮಳೆಗಾಲದಲ್ಲಿ ಸೋರಿಕೆ ಶುರುವಾಯಿತು. ಕಟಿಂಗ್ ಟೇಬಲ್ ಮೇಲೆ ಹನಿ. ಮೇಲೆ ಹತ್ತಿ ನೋಡಿದರೆ ಅಲ್ಲಿ ತೂತೇ ಇಲ್ಲ! ಸ್ಕ್ರೂ ವಾಷರ್ ಹೋದದ್ದು ಆರು ಅಡಿ ಆಚೆ, ನೀರು ಪತ್ರಾಸಿಗೂ ಫೋಮಿಗೂ ನಡುವೆ ಸಂದಿ ಹುಡುಕಿ ಇಲ್ಲಿ ಇಳಿದಿತ್ತು. ಫೋಮ್ ಹೊಡೆಸುವ ಮೊದಲೇ ಎಲ್ಲ ವಾಷರ್ ಬದಲಿಸಬೇಕಿತ್ತು. ಇನ್ನೊಂದು ತೊಂದರೆ, ಮುಂದೆ ಪತ್ರಾಸ್ ತೆಗೆಯುವಂತಿಲ್ಲ. ಗುಜರಿಯವನನ್ನು ಕೇಳಿದೆ, "ಫೋಮ್ ಕೆರೆದು ಕೊಡ್ರಿ, ಆಗ ತಗೋತೀನಿ" ಅಂದ. ಅದನ್ನು ಕೆರೆಯುವುದು ಎಷ್ಟು ಕಷ್ಟ ಅಂತ ಆ ವಾಸನೆ ಮೂಲೆಯಲ್ಲೇ ನೋಡಿದ್ದೇನೆ. ಹೊಸದಾಗಿ ಕೋಣೆ ಕಟ್ಟುವವರಾದರೆ ನಡುವೆ ಫೋಮ್ ಇರುವ ರೆಡಿ ಶೀಟೇ ಹಾಕಿಸಿ, ಸ್ಪ್ರೇ ಗೋಜು ಬೇಡ.

ಚಿಲ್ಲರೆ ಲಾಭಗಳೂ ಇವೆ. ಮಳೆ ಬಂದಾಗ ಫೋನಿನಲ್ಲಿ ಮಾತಾಡಬಹುದು. ಚಳಿಗಾಲದ ನಸುಕಿನಲ್ಲಿ ಪತ್ರಾಸ್ ಬೆವರಿ ರೇಷ್ಮೆ ಬಟ್ಟೆಗೆ ಹನಿ ಬೀಳುತ್ತಿತ್ತು, ಅದು ನಿಂತಿದೆ. ಇಲಿ ಇನ್ನೂ ಬಂದಿಲ್ಲ, ಆದರೆ ಇರುವೆ ಒಂದು ಅಂಚಿನಲ್ಲಿ ಕೊರೆದು ಹಳದಿ ಪುಡಿ ಉದುರಿಸುತ್ತದೆ.

ಅಂದು ನಮ್ಮ ಜೊತೆ ಮಾಡಿಸಿದ ಓಣಿಯವರು ಸ್ಲ್ಯಾಬಿನ ಮೇಲ್ಗಡೆ ಹೊಡೆಸಿದ್ದರು. ಫೋಮ್ ಬಿಸಿಲಿಗೆ ತೆರೆದಿರಬಾರದು, ಮೇಲೆ ಕೋಟಿಂಗ್ ಅಥವಾ ಗಿಲಾವು ಬೇಕು. ಅವರು ದುಡ್ಡು ಉಳಿಸಲು ತೆಳ್ಳಗೆ ಒಂದು ಕೈ ಬಣ್ಣ ಬಳಿದು ಬಿಟ್ಟರು. ಈಗ ಅದು ಹಳೆ ಬೆಲ್ಲದ ಬಣ್ಣಕ್ಕೆ ತಿರುಗಿದೆ, ಕಾಲಿಟ್ಟರೆ ಪುಡಿ. ಕಾಗೆಗಳು ಕುಕ್ಕಿ ಕುಕ್ಕಿ ಗುಣಿ ಮಾಡಿವೆ. ನಮ್ಮ ಕೆಳಮನೆಯ ಸ್ಲ್ಯಾಬಿಗೆ ನಾನು ಮಾಡಿಸಲಿಲ್ಲ, ಪ್ರತಿ ಮಾರ್ಚಿನಲ್ಲಿ ದಪ್ಪಗೆ ಸುಣ್ಣ ಬಳಿಸುತ್ತೇನೆ. ಅಷ್ಟಕ್ಕೇ ಸಾಕಷ್ಟು ಫರಕು ಬೀಳುತ್ತದೆ.

ಒಟ್ಟು ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ನಮ್ಮ ಅತ್ತೆ ಐದಕ್ಕೆ ಐದು ಕೊಡುತ್ತಾರೆ. ಈಗ ಏಪ್ರಿಲ್ ಬಂತೆಂದರೆ ಊಟ ಮುಗಿಸಿ ಮೇಲೆ ಬಂದು ಕಟಿಂಗ್ ಟೇಬಲ್ ಪಕ್ಕ ಚಾಪೆ ಹಾಸಿ ಮಲಗುತ್ತಾರೆ. "ಮಷೀನ್ ಸಪ್ಪಳ ಸ್ವಲ್ಪ ಕಡಿಮಿ ಮಾಡ್ರವ್ವಾ" ಅಂತ ನಮ್ಮ ಹುಡುಗಿಯರಿಗೇ ಗದರಿಸುತ್ತಾರೆ.