ಸಣ್ಣ ಟ್ರೇಲರ್‌ನ ಗೋಡೆಗೆ ಒಪ್ಪುವುದು ಯಾವುದು: ಅಂಟು, ಸ್ಕ್ರೂ, ರಿವೆಟ್, ಬಟ್ಟೆಯ ಜೇಬು

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ 16 ಅಡಿಯ ಟ್ರೇಲರ್‌ನಲ್ಲಿ ನೆಲದ ಜಾಗವೆಲ್ಲ ಹಾಸಿಗೆ, ಮೇಜು, ಒಲೆಗಳಿಗೆ ಹೋದ ಮೇಲೆ ಸಾಮಾನಿಗೆ ಉಳಿಯುವುದು ಗೋಡೆ ಮಾತ್ರ. ಆದರೆ ಅದು ಮನೆಯ ಗೋಡೆಯಂಥದ್ದಲ್ಲ. ಅಮೆರಿಕದಲ್ಲಿ ಮಾರಾಟವಾಗುವ ಸಣ್ಣ ಟ್ರೇಲರ್‌ಗಳಲ್ಲಿ ಬಹಳಷ್ಟಕ್ಕೆ ಪದರಗಳನ್ನು ಒತ್ತಿ ಅಂಟಿಸಿದ ಗೋಡೆ ಇರುತ್ತದೆ. ಹೊರಗೆ ಫೈಬರ್‌ಗ್ಲಾಸಿನ ಹಾಳೆ, ನಡುವೆ ಒಂದರಿಂದ ಒಂದೂವರೆ ಇಂಚು ಥರ್ಮೋಕೋಲ್, ಅದರೊಳಗೆ ಅಲ್ಲಲ್ಲಿ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಒಳಮುಖಕ್ಕೆ ಸುಮಾರು 3 ಮಿ.ಮೀ. ಪ್ಲೈವುಡ್, ಅದರ ಮೇಲೆ ಬಣ್ಣದ ಕಾಗದ ಅಥವಾ ವಿನೈಲ್. ಅಂಗಡಿಯಲ್ಲಿ ಸಿಗುವ ಕೊಕ್ಕೆಯ ಪೊಟ್ಟಣದ ಮೇಲೆ ಎಷ್ಟೇ ಭಾರ ತಡೆಯುತ್ತದೆ ಎಂದು ಬರೆದಿರಲಿ, ಆ 3 ಮಿ.ಮೀ. ಪ್ಲೈವುಡ್ ತಡೆಯುವಷ್ಟೇ ನಮಗೆ ದಕ್ಕುವುದು.

ನಾಲ್ಕು ಬಗೆಯ ವ್ಯವಸ್ಥೆಗಳನ್ನು ನಮ್ಮ ಟ್ರೇಲರ್‌ನಲ್ಲಿಯೂ ಒಬ್ಬ ಗೆಳೆಯರ ಟ್ರೇಲರ್‌ನಲ್ಲಿಯೂ ಹೆಚ್ಚುಕಡಿಮೆ ಒಂದೇ ಸಾಮಾನಿಗೆ, ಅಂದರೆ ಮಸಾಲೆ ಡಬ್ಬಿ, ಔಷಧಿ, ಟಾರ್ಚು, ಪುಸ್ತಕ, ಮಳೆಯಂಗಿಗಳಿಗೆ ಬಳಸಿ ನೋಡಿದ್ದೇನೆ. ನಮ್ಮ ಓಡಾಟ ಕ್ಯಾಲಿಫೋರ್ನಿಯಾದ ಮಂಜು ಕವಿಯುವ ಉತ್ತರ ಕರಾವಳಿಯಲ್ಲಿಯೂ ಮೊಹಾವೆ ಮರುಭೂಮಿಯಲ್ಲಿಯೂ ಆಗಿದೆ. ನ್ಯೂ ಮೆಕ್ಸಿಕೋದ ಚಾಕೋ ಕಣಿವೆಗೆ ಹೋಗುವ ಡಾಂಬರಿಲ್ಲದ ಕೊನೆಯ 13 ಮೈಲಿ ದಾರಿಯಲ್ಲಿ ಗೋಡೆಗೆ ಹಾಕಿದ ಪ್ರತಿಯೊಂದು ಸ್ಕ್ರೂವಿನ ಯೋಗ್ಯತೆಯೂ ಗೊತ್ತಾಗುತ್ತದೆ.

ಹೋಲಿಕೆಗೆ ಮೊದಲು ಭಾರದ ವಿಷಯ. ಟ್ರೇಲರ್‌ನ ಬಾಗಿಲ ಬಳಿ ಅಂಟಿಸಿರುವ ಹಳದಿ ಚೀಟಿಯಲ್ಲಿ ಎಷ್ಟು ಪೌಂಡ್ ಸಾಮಾನು ಹೇರಬಹುದು ಎಂದು ಬರೆದಿರುತ್ತದೆ. ಸಣ್ಣ ಟ್ರೇಲರ್‌ಗಳಲ್ಲಿ ಅದು ಕೆಲವೇ ನೂರು ಪೌಂಡ್ ಇರುವುದೂ ಉಂಟು. ತೊಟ್ಟಿಯಲ್ಲಿ ತುಂಬಿಸುವ ನೀರೂ ಅದರ ಲೆಕ್ಕಕ್ಕೇ ಸೇರುತ್ತದೆ: ಒಂದು ಗ್ಯಾಲನ್ ನೀರಿಗೆ 8.3 ಪೌಂಡ್, 20 ಗ್ಯಾಲನ್ ತುಂಬಿಸಿದರೆ 166 ಪೌಂಡ್. ಇದರ ಮೇಲೆ ಗಟ್ಟಿ ಮರದ ಕಪಾಟು ಹಾಕಿದರೆ, ಅದರಲ್ಲಿ ಒಂದು ಡಬ್ಬಿಯನ್ನೂ ಇಡುವ ಮೊದಲೇ ಮಿತಿಯ ಒಂದು ಪಾಲು ಕಪಾಟಿಗೇ ಹೋಗಿರುತ್ತದೆ. ಎಲ್ಲಿ ಹಾಕುತ್ತೇವೆ ಎಂಬುದೂ ಮುಖ್ಯ. ಟ್ರೇಲರ್‌ನ ಒಟ್ಟು ತೂಕದ 10ರಿಂದ 15 ಶೇಕಡಾ ಮುಂದಿನ ಕೊಂಡಿಯ ಮೇಲೆ ಬೀಳಬೇಕೆಂಬುದು ರೂಢಿಯ ನಿಯಮ. ಭಾರದ ಸಾಮಾನನ್ನೆಲ್ಲ ಹಿಂದಿನ ಗೋಡೆಗೆ ನೇತುಹಾಕಿದರೆ ಕೊಂಡಿಯ ಭಾರ ಕಡಿಮೆಯಾಗಿ ಹೆದ್ದಾರಿಯಲ್ಲಿ ಟ್ರೇಲರ್ ಅತ್ತಿತ್ತ ತೊನೆಯತೊಡಗುತ್ತದೆ.

ಎಲ್ಲರೂ ಮೊದಲು ಹಿಡಿಯುವ ದಾರಿ ಅಂಟಿನದು, ಏಕೆಂದರೆ ಅದಕ್ಕೆ ತೂತು ಬೇಕಿಲ್ಲ. ಎಳೆದರೆ ಬಿಟ್ಟುಬರುವ ಅಂಟುಪಟ್ಟಿಯ ಕೊಕ್ಕೆಗಳು ಟವೆಲ್, ಕೀಲಿಕೈ, ಟೊಪ್ಪಿಯಂಥ ಹಗುರ ಸಾಮಾನಿಗೆ ಸಾಕು. ಗೋಡೆಯನ್ನು ಆಲ್ಕೋಹಾಲಿನಿಂದ ಒರೆಸಿ, ಪಟ್ಟಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಒಂದು ಗಂಟೆ ಬಿಟ್ಟು ಭಾರ ಹಾಕಬೇಕೆಂಬ ಸೂಚನೆಯನ್ನು ಪಾಲಿಸಿದರೆ ಚೆನ್ನಾಗಿಯೇ ಹಿಡಿಯುತ್ತವೆ. ತೊಡಕು ಬರುವುದು ಬಿಸಿಲಿನಲ್ಲಿ. ಇಂಥ ಹಲವು ಪಟ್ಟಿಗಳ ಪೊಟ್ಟಣದ ಮೇಲೆಯೇ 50ರಿಂದ 105 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 10ರಿಂದ 40 ಡಿಗ್ರಿ ಸೆಲ್ಸಿಯಸ್ ಎಂಬ ಮಿತಿ ಮುದ್ರಿತವಾಗಿರುತ್ತದೆ. ಬೇಸಿಗೆಯ ಮಧ್ಯಾಹ್ನ ಮರುಭೂಮಿಯಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಟ್ರೇಲರ್‌ನ ಒಳಗೆ ಆ ಮಿತಿ ಉಳಿಯುವುದಿಲ್ಲ. ಅದಕ್ಕಿಂತ ಬಲವಾದ, ಎರಡೂ ಬದಿ ಅಂಟಿರುವ ಅಕ್ರಿಲಿಕ್ ಫೋಮ್ ಪಟ್ಟಿ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ಪೂರ್ಣ ಬಲ ಬರಲು ಅದಕ್ಕೆ ಸಾಮಾನ್ಯ ಉಷ್ಣಾಂಶದಲ್ಲಿ ಸುಮಾರು 72 ಗಂಟೆ ಬೇಕು. ಅಲ್ಲಿ ಬೇರೆಯೇ ಸಮಸ್ಯೆ ಎದುರಾಗುತ್ತದೆ. ಅಂಟು ಗಟ್ಟಿ, ಅದು ಹಿಡಿದುಕೊಂಡಿರುವ ಬಣ್ಣದ ಕಾಗದ ಮಾತ್ರ ದುರ್ಬಲ. ಭಾರ ಹೆಚ್ಚಾದರೆ ಕಾಗದವೇ ಪ್ಲೈವುಡ್‌ನಿಂದ ಕಿತ್ತುಬರುತ್ತದೆ. ಆದ್ದರಿಂದ ಈ ಪಟ್ಟಿಯನ್ನು ಗೋಡೆಗೆ ಹಾಕದೆ ಫ್ರಿಜ್ಜಿನ ಬಾಗಿಲು, ಕಪಾಟಿನ ಮಗ್ಗುಲು, ಸ್ನಾನದ ಕೋಣೆಯ ಪ್ಲಾಸ್ಟಿಕ್ ಮೈಗಳಿಗೆ ಮೀಸಲಿಡುವುದು ಲೇಸೆಂಬುದು ನನ್ನ ಅಭಿಪ್ರಾಯ. ಗಾಳಿ ಹೀರಿ ಅಂಟಿಕೊಳ್ಳುವ ರಬ್ಬರ್ ಬಟ್ಟಲುಗಳು ಗಾಜು ಮತ್ತು ನಯವಾದ ಪ್ಲಾಸ್ಟಿಕ್ ಬಿಟ್ಟು ಬೇರೆಲ್ಲಿಯೂ ನಿಲ್ಲುವುದಿಲ್ಲ. ಅಯಸ್ಕಾಂತದ ಕೊಕ್ಕೆಗಳಿಗೆ ಈ ಗೋಡೆಯಲ್ಲಿ ಹಿಡಿಯಲು ಕಬ್ಬಿಣವೇ ಇಲ್ಲ.

ಸ್ಕ್ರೂಗಳಲ್ಲಿ ಎರಡು ದಾರಿಗಳಿವೆ. ಒಂದು, ಬೇಕಾದ ಕಡೆ ತೆಳು ಪ್ಲೈವುಡ್‌ಗೇ ಹಾಕುವುದು. ಬರಿಯ ಸ್ಕ್ರೂ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ, ರಬ್ಬರಿನ ಮೈಯೊಳಗೆ ಹಿತ್ತಾಳೆಯ ನಟ್ ಇರುವ ವೆಲ್‌ನಟ್‌ಗಳನ್ನು ಬಳಸಿದೆ. ಅಮೆರಿಕದ ಸ್ಕ್ರೂ ಅಳತೆಗಳಲ್ಲಿ ಒಂದಾದ 10-32ರದಕ್ಕೆ 3/8 ಇಂಚಿನ ತೂತು ಕೊರೆಯಬೇಕು; ಸ್ಕ್ರೂ ಬಿಗಿಸಿದಂತೆ ರಬ್ಬರು ಹಿಂದಿನ ಥರ್ಮೋಕೋಲನ್ನು ಅಮುಕುತ್ತ ಉಬ್ಬಿ ಪ್ಲೈವುಡ್‌ನ ಬೆನ್ನನ್ನು ಕಚ್ಚಿ ಹಿಡಿಯುತ್ತದೆ. ಅಲುಗಾಟವನ್ನು ರಬ್ಬರು ನುಂಗುವುದರಿಂದ ಸ್ಕ್ರೂ ತಾನಾಗಿ ಸಡಿಲವಾಗುವುದಿಲ್ಲ. ಗಡಿಯಾರ, ಕನ್ನಡಿ, ಚಿಕ್ಕ ಬುಟ್ಟಿಗೆ ಇದು ಒಳ್ಳೆಯ ಉಪಾಯ, ಶೆಲ್ಫಿಗೆ ಅಲ್ಲ. ಕಾರಣವನ್ನು ಲೆಕ್ಕವೇ ಹೇಳುತ್ತದೆ. 20 ಸೆಂ.ಮೀ. ಆಳದ ಶೆಲ್ಫಿನಲ್ಲಿ 4 ಕಿಲೋ ಸಾಮಾನಿದ್ದರೆ ಅದರ ಭಾರಕೇಂದ್ರ ಗೋಡೆಯಿಂದ ಸುಮಾರು 10 ಸೆಂ.ಮೀ. ದೂರದಲ್ಲಿರುತ್ತದೆ. ಅದನ್ನು ಹೊತ್ತ ಬ್ರಾಕೆಟ್ಟಿನ ಎತ್ತರ 5 ಸೆಂ.ಮೀ. ಆಗಿದ್ದರೆ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ 8 ಕಿಲೋದಷ್ಟಾಗುತ್ತದೆ. ಬ್ರಾಕೆಟ್ಟನ್ನು 20 ಸೆಂ.ಮೀ. ಎತ್ತರಕ್ಕೆ ಏರಿಸಿದರೆ ಅದೇ ಬಲ 2 ಕಿಲೋಗೆ ಇಳಿಯುತ್ತದೆ. ಇದು ನಿಂತ ಟ್ರೇಲರ್‌ನ ಲೆಕ್ಕ. ಹಳ್ಳದಲ್ಲಿ ಚಕ್ರ ಇಳಿದಾಗ ಅದು ಹಲವು ಪಟ್ಟು ಹೆಚ್ಚುತ್ತದೆ.

ಇನ್ನೊಂದು ದಾರಿ, ಅಲ್ಯೂಮಿನಿಯಂ ಚೌಕಟ್ಟನ್ನು ಹುಡುಕಿ ಅದಕ್ಕೇ ಸ್ಕ್ರೂ ಹಾಕುವುದು. ಇದು ನಿಧಾನದ ಕೆಲಸ, ಆದರೆ ಶೆಲ್ಫ್ ಬೇಕೇ ಬೇಕೆನ್ನುವವರಿಗೆ ಬೇರೆ ಉಪಾಯವಿಲ್ಲ. ಅಯಸ್ಕಾಂತ ಅಲ್ಯೂಮಿನಿಯಂಗೆ ಸ್ಪಂದಿಸುವುದಿಲ್ಲ, ಬೆರಳಿನಿಂದ ತಟ್ಟಿ ಸದ್ದನ್ನು ಆಲಿಸುವುದೂ ಪೂರ್ತಿ ನಂಬಲರ್ಹವಲ್ಲ. ಎಲ್ಲಕ್ಕಿಂತ ಖಚಿತವಾದ ಗುರುತು ಸಿಗುವುದು ಇಬ್ಬನಿ ಬಿದ್ದ ಬೆಳಗಿನಲ್ಲಿ, ಅದೂ ಹೊರಗಿನಿಂದ: ಲೋಹದ ಮೂಲಕ ಶಾಖ ಬೇಗ ಹರಿಯುವುದರಿಂದ, ಒಳಗೆ ಬೆಚ್ಚಗಿದ್ದಾಗ ಹೊರಮೈಯ ಇಬ್ಬನಿಯಲ್ಲಿ ಚೌಕಟ್ಟಿನ ಗೆರೆಗಳು ಎದ್ದು ಕಾಣುತ್ತವೆ. ಅವುಗಳನ್ನು ಕಿಟಕಿಯ ಅಂಚಿನಿಂದ ಅಳೆದು ಒಳಗೆ ಗುರುತು ಹಾಕಿಕೊಳ್ಳಬಹುದು. ಕೊರೆಯುವ ಮೊದಲು ಬ್ಯಾಟರಿಯ ಮತ್ತು ಹೊರಗಿನ ವಿದ್ಯುತ್ ಸಂಪರ್ಕಗಳೆರಡನ್ನೂ ತೆಗೆಯಲೇಬೇಕು, ಏಕೆಂದರೆ ಗೋಡೆಯೊಳಗೆ 12 ವೋಲ್ಟಿನ ತಂತಿಗಳೂ 120 ವೋಲ್ಟಿನ ತಂತಿಗಳೂ ಓಡಿರಬಹುದು. ಡ್ರಿಲ್ಲಿನ ಮೊನೆಗೆ ಟೇಪು ಸುತ್ತಿ ಆಳವನ್ನು ಗುರುತಿಸಿಕೊಂಡರೆ ಹೊರಗಿನ ಹಾಳೆಯವರೆಗೆ ಹೋಗುವ ಭಯವಿರುವುದಿಲ್ಲ. ಹೀಗೆ ಕೂರಿಸಿದ ಶೆಲ್ಫ್ ಚಾಕೋದ ದಾರಿಯಲ್ಲಿ ಜಗ್ಗಲಿಲ್ಲ. ಅದರ ಮೇಲಿನ ಡಬ್ಬಿಗಳು ಮಾತ್ರ, ಮುಂದೆ ಎತ್ತರದ ಪಟ್ಟಿ ಕಟ್ಟುವವರೆಗೆ, ನೆಲದ ಮೇಲೆ ಸಿಗುತ್ತಿದ್ದವು.

ರಿವೆಟ್ಟಿನ, ಅಂದರೆ ತೂತಿನಲ್ಲಿ ತೂರಿಸಿ ತುದಿಯನ್ನು ಉಬ್ಬಿಸಿ ಬಿಗಿಸುವ ಲೋಹದ ಮೊಳೆಯ ಮಾತು ಬೇರೆ ಜಾತಿಯ ಟ್ರೇಲರ್‌ಗೆ ಸಂಬಂಧಿಸಿದ್ದು. ಮಿನ್ನೆಸೋಟ ರಾಜ್ಯದ ಬ್ಯಾಕಸ್‌ನಲ್ಲಿ ತಯಾರಾಗುವ ಸ್ಕ್ಯಾಂಪ್‌ನಂಥ ಮೊಟ್ಟೆಯಾಕಾರದ ಟ್ರೇಲರ್‌ಗಳಿಗೆ ಫೈಬರ್‌ಗ್ಲಾಸಿನ ಚಿಪ್ಪೇ ಗೋಡೆ. ಕಾರ್ಖಾನೆಯವರೇ ಕಪಾಟುಗಳನ್ನು ಚಿಪ್ಪಿನ ಹೊರಗಿನಿಂದ ರಿವೆಟ್ ಹೊಡೆದು ಕೂರಿಸಿರುತ್ತಾರೆ. ಗೆಳೆಯರ ಟ್ರೇಲರ್‌ನಲ್ಲಿ ಅದೇ ಕ್ರಮದಲ್ಲಿ ಒಂದು ಶೆಲ್ಫ್ ಹಾಕಿದೆವು. ಬಲದಲ್ಲಿ ಅದನ್ನು ಮೀರಿಸುವ ಉಪಾಯ ಇನ್ನೊಂದಿಲ್ಲ. ಆದರೆ ಪ್ರತಿಯೊಂದು ರಿವೆಟ್ಟೂ ಮಳೆನೀರಿಗೆ ಒಂದು ಬಾಗಿಲು, ಪ್ರತಿಯೊಂದಕ್ಕೂ ಸೀಲಂಟ್ ಹಚ್ಚಿ ವರ್ಷವರ್ಷವೂ ನೋಡಿಕೊಳ್ಳಬೇಕು. ಆ ಟ್ರೇಲರ್‌ನ ಒಳಮೈಗೆ ಕಾರ್ಪೆಟ್ಟಿನಂಥ ಹೊದಿಕೆ ಇದ್ದುದರಿಂದ ವೆಲ್ಕ್ರೋದ ಒರಟು ಪಟ್ಟಿ ಅದಕ್ಕೆ ನೇರವಾಗಿ ಹಿಡಿಯುತ್ತಿತ್ತು. ಹಗುರ ಸಾಮಾನಿಗೆ ಅಲ್ಲಿ ರಿವೆಟ್ಟಿನ ಅಗತ್ಯವೇ ಇರಲಿಲ್ಲ.

ಈಗ ಬಟ್ಟೆಯ ಜೇಬುಗಳು. ಮುಕ್ಕಾಲು ಇಂಚು ದಪ್ಪ, ಒಂದೂವರೆ ಇಂಚು ಅಗಲದ ಮರದ ಪಟ್ಟಿಯೊಂದನ್ನು ಕಿಟಕಿಯ ಮೇಲೆ ಅಡ್ಡಕ್ಕೆ ಇಟ್ಟು, ಚೌಕಟ್ಟು ಸಿಕ್ಕಿದ ಕಡೆಯಲ್ಲೆಲ್ಲ ಸ್ಕ್ರೂ ಹಾಕಿ, ಅದರಿಂದ ದಪ್ಪ ಕ್ಯಾನ್ವಾಸಿನ ಜೇಬುಗಳ ಹಾಳೆಯನ್ನು ಇಳಿಬಿಟ್ಟಿದ್ದೇವೆ. ಚಪ್ಪಲಿ ಇಡಲೆಂದು ಬಾಗಿಲಿಗೆ ತೂಗುಹಾಕುವ, ಎಲ್ಲ ಅಂಗಡಿಗಳಲ್ಲಿಯೂ ಸಿಗುವ ಜೇಬುಹಾಳೆಯನ್ನು ಕತ್ತರಿಸಿಕೊಂಡರೂ ನಡೆಯುತ್ತದೆ. ಸಾಮಾನಿನ ಭಾರ ಗೋಡೆಯಿಂದ ಎರಡು ಮೂರು ಇಂಚಿನೊಳಗೇ ಇದ್ದು ಬಹುತೇಕ ನೇರವಾಗಿ ಕೆಳಗೆ ಇಳಿಯುವುದರಿಂದ, ಶೆಲ್ಫಿನಲ್ಲಿ ಸ್ಕ್ರೂವನ್ನು ಹೊರಕ್ಕೆ ಎಳೆಯುತ್ತಿದ್ದ ಬಲ ಇಲ್ಲಿ ಬಹಳ ಕಡಿಮೆ. ಒಳಗಿಟ್ಟದ್ದು ಹಾರಿ ಬೀಳುವುದಿಲ್ಲ, ಖಾಲಿ ಜೇಬು ಜಾಗ ತಿನ್ನುವುದಿಲ್ಲ, ಕತ್ತಲಲ್ಲಿ ತಲೆಗೆ ತಗುಲಿದರೂ ನೋವಾಗುವುದಿಲ್ಲ. ಸಾಂಬಾರ್ ಪುಡಿ, ಮೆಂತ್ಯ, ಸಾಸಿವೆಗಳನ್ನು ಗಾಜಿನ ಶೀಸೆಯಿಂದ ಚಿಕ್ಕ ಪ್ಲಾಸ್ಟಿಕ್ ಡಬ್ಬಿಗಳಿಗೆ ಬದಲಾಯಿಸಿದರೆ ಸದ್ದೂ ಇಲ್ಲ. ಇದಕ್ಕೂ ದೋಷಗಳಿವೆ: ನೋಟ ಅಷ್ಟೇನೂ ಅಂದವಲ್ಲ, ಅಗಲವಾದ ಪಾತ್ರೆ ಹಿಡಿಸುವುದಿಲ್ಲ, ಚಳಿಯ ರಾತ್ರಿಗಳಲ್ಲಿ ಬಟ್ಟೆಯ ಹಿಂದೆ ಉಸಿರಿನ ತೇವ ಕಟ್ಟಿಕೊಂಡು ಬೂಷ್ಟು ಹಿಡಿಯುವ ಸಂಭವವಿದೆ. ಮರದ ಪಟ್ಟಿಯ ದಪ್ಪದಿಂದ ಉಳಿಯುವ ಸಂದಿಯಲ್ಲಿ ಗಾಳಿ ಆಡುವಂತೆ ಬಿಟ್ಟರೆ, ಸ್ನಾನದ ಕೋಣೆಗೆ ಕ್ಯಾನ್ವಾಸಿನ ಬದಲು ಬಲೆಬಟ್ಟೆ ಬಳಸಿದರೆ ಅದು ಬಹುಮಟ್ಟಿಗೆ ತಪ್ಪುತ್ತದೆ. ಹಾಸಿಗೆಯ ಮೇಲಿನ ಮೂಲೆಯಲ್ಲಿ ಕಟ್ಟಿದ ಬಲೆಯ ಜೋಲಿ ಹಳೆಯ ಅಡುಗೆಮನೆಗಳ ನೆಲುವಿನಂತೆಯೇ ಹೊದಿಕೆ, ಸ್ವೆಟರುಗಳನ್ನು ಹೊತ್ತಿದೆ. ಅದರ ಎರಡು ಕೊಕ್ಕೆಗಳೂ ಚೌಕಟ್ಟಿನಲ್ಲೇ ಕೂತಿವೆ.

ಹೀಗಾಗಿ ನಮ್ಮ ಗೋಡೆಗಳಲ್ಲಿ ಈಗ ಹೆಚ್ಚಿನ ಪಾಲು ಜೇಬುಗಳದೇ. ಚೌಕಟ್ಟಿಗೆ ಹಾಕಿದ ಒಂದೇ ಶೆಲ್ಫನ್ನು ಚಕ್ರಗಳ ಅಚ್ಚಿನ ನೇರಕ್ಕೆ, ಒಲೆಯ ಪಕ್ಕದಲ್ಲಿ ಉಳಿಸಿಕೊಂಡಿದ್ದೇವೆ. ಟ್ರೇಲರನ್ನು ಕೊಳ್ಳದೆ ಬಾಡಿಗೆಗೆ ತರುವವರಿಗೆ ಮರದ ಪಟ್ಟಿಯ ಕೆಲಸ ಸಾಧ್ಯವಿಲ್ಲ. ಅವರು ಅದೇ ಜೇಬುಹಾಳೆಯನ್ನು ಸ್ನಾನದ ಕೋಣೆಯ ಬಾಗಿಲ ಮೇಲಂಚಿಗೆ ಸಿಕ್ಕಿಸಿ, ಗಾಡಿ ಹೊರಡುವ ಮೊದಲು ಆ ಬಾಗಿಲು ಅಲುಗದಂತೆ ಕಟ್ಟಿಕೊಂಡರೆ ಸಾಕು.